ಖಾಲಿ ಇರಬೇಕಾದ ಪುಡಿ

ಜೂನ್ 3, ಮಂಗಳವಾರ

ಮಗಳ ಮನೆಗೆ ಬಂದು ಸೇರಿದ್ದಾಯಿತು. "ಸ್ವಲ್ಪ ದಿನ ಬಂದು ಇರಪ್ಪಾ" ಎಂದು ಕರೆದಳು. ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾರೋ ಬಿಟ್ಟುಹೋದ ಕೊಡೆಗೂ ನಾವು "ಸ್ವಲ್ಪ ದಿನ ಇರಲಿ" ಎಂದೇ ಜಾಗ ಕೊಡುತ್ತಿದ್ದೆವು. ಅದರಲ್ಲಿ ಕೆಲವು ಕೊಡೆಗಳು ನನಗಿಂತ ಹೆಚ್ಚು ಸರ್ವಿಸ್ ಮಾಡಿವೆ.

ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯೋಣ, ಕಾಲೇಜಿನಲ್ಲಿ ಓದಿದ್ದು ತುಕ್ಕು ಹಿಡಿಯಬಾರದು ಎಂದುಕೊಂಡು ಕೂತೆ. "ಟುಡೇ ಐ ಹ್ಯಾವ್ ಬೀನ್ ಕೇಮ್" ಎಂದು ಬರೆದೆ. ನೋಡಿದೆ. ಎಲ್ಲೋ ಏನೋ ಹೆಚ್ಚಾಗಿದೆ ಅನ್ನಿಸಿತು. ಯಾವುದು ಎಂದು ಗೊತ್ತಾಗಲಿಲ್ಲ. ಹೊಡೆದುಹಾಕಿ ಕನ್ನಡಕ್ಕೆ ಬಂದೆ. ನಾಟ್‌ವಿತ್‌ಸ್ಟ್ಯಾಂಡಿಂಗ್, ನಡುನಡುವೆ ಒಂದೆರಡು ಇಂಗ್ಲಿಷ್ ಮಾತು ಬಂದರೆ ಬರಲಿ. ಓದುವವನೂ ನಾನೇ ತಾನೆ.

ಸಾಮಾನು ಹೆಚ್ಚೇನಿಲ್ಲ. ಒಂದು ಸೂಟ್‌ಕೇಸಿನಲ್ಲಿ ಬಟ್ಟೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನೋವಿನ ಬಾಮ್. ಮನೆಯವಳಿಗೆ ಮೊಣಕಾಲು ನೋವು ಬಹಳ ಇತ್ತು. ಅಂಗಡಿಗೆ ಹೋದರೆ ಬಾಮನ್ನು ಒಂದೊಂದಾಗಿ ತರುವ ಪೈಕಿ ಅಲ್ಲ ಅವಳು. ನಾಳೆ ಕಾರ್ಖಾನೆಯೇ ಮುಚ್ಚಿಬಿಡುತ್ತದೆ ಎಂಬಂತೆ ತುಂಬಿಕೊಂಡು ಬರುತ್ತಿದ್ದಳು. ಹೋಗುವಾಗ ಪೆಟ್ಟಿಗೆ ತುಂಬ ಉಳಿಸಿಹೋದಳು. ಹಾಳುಮಾಡುವುದಕ್ಕೆ ಮನಸ್ಸು ಬರಲಿಲ್ಲ. ಹಾಗೆ ನೋಡಿದರೆ ಅವಳು ಹೋದ ಮೇಲೆ ನನಗೂ ಮೊಣಕಾಲು ನೋವು ಶುರುವಾಗಿದೆ. ಅನುಕೂಲವೇ ಆಯಿತು.

ಜೂನ್ 5, ಗುರುವಾರ

ಮಗಳ ಕೆಲಸ ಏನು ಎಂಬುದನ್ನು ಇವತ್ತು ಸರಿಯಾಗಿ ಕೇಳಿ ತಿಳಿದುಕೊಂಡೆ. ಇಷ್ಟು ವರ್ಷ "ರಿಸರ್ಚು" ಎಂದು ಹೇಳಿ ಪಾರಾಗುತ್ತಿದ್ದೆ.

"ಪುಟ್ಟಿ, ಯಾರಾದ್ರೂ ಕೇಳಿದ್ರೆ ಏನಂತ ಹೇಳಲಿ?"

"ಮಟೀರಿಯಲ್ಸ್ ಕೆಮಿಸ್ಟ್ ಅಂತ ಹೇಳಪ್ಪ."

"ಅವರಿಗೆ ಅರ್ಥವಾಗೋ ಹಾಗೆ ಹೇಳು."

"ತೂತಿರೋ ಪುಡಿ ಮಾಡ್ತಾಳೆ ಅಂತ ಹೇಳು."

ತಮಾಷೆ ಅಂದುಕೊಂಡೆ. ತಮಾಷೆ ಅಲ್ಲವಂತೆ. ಅವಳು ಮಾಡುವ ಪುಡಿ ನೋಡಲು ಹಿಟ್ಟಿನ ಹಾಗಿದೆ. ಆದರೆ ಪ್ರತಿ ಕಣದ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು, ಸಾಲು ಸಾಲಾಗಿ. ಒಂದು ಚಮಚ ಪುಡಿಯೊಳಗಿನ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಫುಟ್‌ಬಾಲ್ ಮೈದಾನದಷ್ಟು ಜಾಗ ಬೇಕಂತೆ. "ಅಷ್ಟನ್ನ ಗುಡಿಸೋರು ಯಾರು?" ಎಂದೆ. "ಓವನ್ನು" ಎಂದಳು. ಪುಡಿಯನ್ನು ಮೊದಲು ಓವನ್ನಿನಲ್ಲಿ ಕಾಯಿಸಿ, ಒಳಗೆ ಸೇರಿಕೊಂಡದ್ದನ್ನೆಲ್ಲ ಹೊರಗೆ ಓಡಿಸಬೇಕು. ಆಮೇಲೆ ಗಾಳಿಗೆ ಇಟ್ಟರೆ ಕೋಣೆ ಕೋಣೆಯಲ್ಲೂ ಗಾಳಿಯ ತೇವ ಬಂದು ಕೂರುತ್ತದೆ. ಮತ್ತೆ ಮುಚ್ಚಳ ಹಾಕಿ ದೀಪದ ಕೆಳಗಿಟ್ಟರೆ ಆ ತೇವ ನೀರಾಗಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಬಾವಿಯಿಲ್ಲದ ಕಡೆ ಗಾಳಿಯಿಂದಲೇ ನೀರು.

"ಮೊದಲೇ ತುಂಬಿದ್ರೆ?"

"ತುಂಬಿದ್ರೆ ಹೊಸದೇನೂ ಒಳಗೆ ಬರಲ್ಲ. ಅದಕ್ಕೇ ಖಾಲಿ ಮಾಡೋದು."

ಅಷ್ಟೇ ತಾನೆ. ತುಂಬಿದ ಬಸ್ಸು ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ. ಇದಕ್ಕೆ ಇಷ್ಟು ವರ್ಷ ಓದಬೇಕಿತ್ತೇ?

ಆದರೆ ಓದಿದಳು. ಚಿಕ್ಕವಳಿದ್ದಾಗ ಸೀಮೆಸುಣ್ಣದ ಬಳಪವನ್ನು ಶಾಯಿಯಲ್ಲಿ ನಿಲ್ಲಿಸಿ, ಶಾಯಿ ಮೇಲೆ ಏರುವುದನ್ನು ಊಟ ಬಿಟ್ಟು ನೋಡುತ್ತ ಕೂರುತ್ತಿದ್ದಳು. ನೆಲವೆಲ್ಲ ನೀಲಿ. ಅವರಮ್ಮ ಬೈದೂ ಬೈದೂ ಕೊನೆಗೆ ಇನ್ನೊಂದು ಬಳಪ ಕೊಡುತ್ತಿದ್ದಳು. ಆಗ ಶುರುವಾದದ್ದು ಇನ್ನೂ ಮುಗಿದಿಲ್ಲ. ಡಾಕ್ಟರೇಟ್ ಆಯಿತು, ಊರೂರು ಸುತ್ತಿದ್ದಾಯಿತು, ಎಲ್ಲಿ ಹೋದರೂ ಒಪ್ಪಂದದ ಕೆಲಸ. ತಲೆಯಲ್ಲಿ ಬಿಳಿ ಕೂದಲು ಬಂದರೂ ಬಾಗಿಲ ಮೇಲಿನ ಫಲಕದಲ್ಲಿ "ತಾತ್ಕಾಲಿಕ" ಎಂದೇ ಇದೆ. ಈ ತಿಂಗಳ ಕೊನೆಗೆ ಸಮಿತಿ ಬರುತ್ತದೆ. ಬಟ್ಟಲು ತುಂಬ ನೀರು ತೋರಿಸಿದರೆ ಕೆಲಸ ಕಾಯಂ. ತೋರಿಸದಿದ್ದರೆ ಪ್ರಯೋಗಾಲಯ ಬೇರೆಯವರಿಗೆ, ಇವಳು ಮತ್ತೆ ಪೆಟ್ಟಿಗೆ ಕಟ್ಟಬೇಕು.

"ಈ ಸಲ ಆಗದಿದ್ರೆ ಬಿಟ್ಟುಬಿಡ್ತೀನಪ್ಪ. ಯಾವುದಾದ್ರೂ ಪೇಂಟ್ ಕಂಪನಿಗೆ ಸೇರ್ಕೋತೀನಿ" ಎಂದಳು. ನಗುತ್ತಲೇ ಹೇಳಿದಳು. ನಗು ನನಗೆ ಸೇರಲಿಲ್ಲ.

ಜೂನ್ 9, ಸೋಮವಾರ

ಮಗಳು ಮಧ್ಯಾಹ್ನ ಊಟ ಮಾಡುವುದೇ ಇಲ್ಲ ಎಂದು ಪತ್ತೆಯಾಯಿತು. ಇನ್ನು ಮೇಲೆ ನಾನೇ ಡಬ್ಬಿ ಒಯ್ಯುವುದೆಂದು ತೀರ್ಮಾನಿಸಿದೆ. ಮನೆಯಲ್ಲಿ ಕೂತು ಗೋಡೆಗೆ ಮುಖ ತೋರಿಸುವ ಬದಲು ಇದು ಮೇಲು.

ಪ್ರಯೋಗಾಲಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಬುಡದಲ್ಲೇ ಗಾಜಿನ ಸಾಮಾನುಗಳ ಉಗ್ರಾಣ. ಅದನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ "ಗಾಜಿನಕ್ಕ" ಅನ್ನುತ್ತಾರೆ. ಮಾತು ಮಾತ್ರ ಕಬ್ಬಿಣ.

"ಯಾರ್ರೀ ನೀವು? ಎಲ್ಲಿಗೆ?"

"ಮಗಳಿಗೆ ಊಟ ತಂದಿದ್ದೆ."

"ಒಳ್ಳೇದು. ಮೇಲೆ ಏನನ್ನೂ ಮುಟ್ಟಬೇಡಿ. ಮುಟ್ಟಿದ್ರೆ ಒಡೆಯುತ್ತೆ, ಒಡೆದ್ರೆ ನಾನು ಮೇಲೆ ಬರ್ತೀನಿ. ನಾನು ಬರೋದು ಯಾರಿಗೂ ಒಳ್ಳೇದಲ್ಲ."

ಮುಟ್ಟಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮರ್ಯಾದೆಯಾಗಿ ಕೂತೆ. ಪಕ್ಕದ ಮೇಜಿನ ಮೇಲೆ ಆಗ ತಾನೇ ಓವನ್ನಿನಿಂದ ತೆಗೆದ ಪುಡಿಯ ತಟ್ಟೆಗಳು, ಗಾಳಿ ಕುಡಿಯಲು ಬಾಯಿ ತೆರೆದು ಇಟ್ಟಿದ್ದವು. ನಾಳೆ ಬೆಳಗ್ಗೆಯವರೆಗೂ ಹಾಗೇ ಇರಬೇಕಂತೆ. ಮೆಟ್ಟಿಲು ಹತ್ತಿ ಮೊಣಕಾಲು ಹಿಡಿದುಕೊಂಡಿತ್ತು. ಮಗಳು ಉಣ್ಣುವಷ್ಟರಲ್ಲಿ ಪಂಚೆ ಸರಿಸಿ ಬಾಮ್ ತಿಕ್ಕಿಕೊಂಡೆ. ಉರಿ ಏಳಬೇಕಲ್ಲ, ಪೇಪರಿನಿಂದ ಗಾಳಿ ಹಾಕಿಕೊಂಡೆ. ಪುಡಿಗೂ ಸ್ವಲ್ಪ ಗಾಳಿಯಾಯಿತು. ಪಾಪ, ಅದಕ್ಕೆ ಗಾಳಿಯೇ ಊಟ.

ಜೂನ್ 12, ಗುರುವಾರ

ಬಟ್ಟಲಿನಲ್ಲಿ ನೀರು ಕಡಿಮೆ ಬರುತ್ತಿದೆಯಂತೆ. ಕಳೆದ ತಿಂಗಳು ತುಂಬಿ ಬರುತ್ತಿದ್ದುದು ಈಗ ಮುಕ್ಕಾಲು. ಮಗಳು ಓವನ್ನಿನ ಮೇಲೆ ಅನುಮಾನ ಪಟ್ಟು ಅದರ ಹಿಂಭಾಗ ಬಿಚ್ಚಿ ಕೂತಿದ್ದಳು.

ನಾನು ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಡಬ್ಬಿ ಕೊಟ್ಟು ಬಂದುಬಿಡುವುದಲ್ಲ, ಸಂಜೆಯವರೆಗೂ ಅಲ್ಲೇ ಕೂರುವುದು. ಮಾರಲ್ ಸಪೋರ್ಟ್. ಮನುಷ್ಯ ಪಕ್ಕದಲ್ಲಿದ್ದರೆ ಕೆಲಸಕ್ಕೆ ಬಲ ಬರುತ್ತದೆ.

ಇನ್ನೊಂದು ವಿಷಯ. ಇವತ್ತು ಗಾಜಿನಕ್ಕ ನಾನು ಇನ್ನೂ ಬಾಗಿಲ ಹೊರಗಿರುವಾಗಲೇ ಒಳಗಿನಿಂದ "ಬನ್ನಿ ಯಜಮಾನ್ರೇ" ಎಂದಳು. ನೋಡದೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ನೀವು ಬರೋದು ಗೇಟಿನ ಹತ್ರಾನೇ ಗೊತ್ತಾಗುತ್ತೆ ಬಿಡಿ" ಎಂದಳು. ಇಂಗ್ಲಿಷಿನಲ್ಲಿ ಇದಕ್ಕೆ ಪರ್ಸನಾಲಿಟಿ ಅನ್ನುತ್ತಾರೆ. ಡಿಪೋದಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ಯಾರೂ ಗುರುತಿಸಿರಲಿಲ್ಲ.

ಜೂನ್ 16, ಸೋಮವಾರ

ಅರ್ಧ ಬಟ್ಟಲು.

ಮಗಳು ಹೊಸದಾಗಿ ಪುಡಿ ಮಾಡಿದಳು. ಅದೂ ಅರ್ಧ. ದೀಪ ಬದಲಾಯಿಸಿದಳು. ಅರ್ಧ. ತಕ್ಕಡಿ ಬದಲಾಯಿಸಿದಳು. ತಕ್ಕಡಿ ಬದಲಾಯಿಸಿದರೆ ನೀರು ಹೆಚ್ಚಾಗುತ್ತದೆಯೇ ಎಂದು ನನಗೂ ಅನ್ನಿಸಿತು.

ವಿಭಾಗದ ಮುಖ್ಯಸ್ಥರು ಬಂದು ಬಾಗಿಲಲ್ಲೇ ನಿಂತರು. ಟೈ ಕಟ್ಟಿದ ಮನುಷ್ಯ. ಯಾವುದಕ್ಕೂ "ನೋಡೋಣ" ಅನ್ನುವುದು ಅವರ ಅಭ್ಯಾಸ. ಬಟ್ಟಲು ನೋಡಿ, ನನ್ನನ್ನು ನೋಡಿ, ಮೂಗು ಉಜ್ಜಿಕೊಂಡು, "ನೋಡೋಣ" ಎಂದು ಹೋದರು.

"ಅವರು ಯಾವಾಗಲೂ ಹಾಗೇನಾ?" ಎಂದೆ.

"ಅವರು ನನ್ನ ಪರವಾಗೇ ಇದಾರಪ್ಪ. ಆದರೆ ನೀರು ಅವರ ಪರವಾಗಿಲ್ಲ" ಎಂದು ಮಗಳು ನಿಟ್ಟುಸಿರು ಬಿಟ್ಟಳು. ಅವಳ ಅಂಗೈಯಲ್ಲಿ ಬಿಳಿ ಪುಡಿ ಅಂಟಿತ್ತು. ಒರೆಸಿಕೊಳ್ಳದೆ ಹಾಗೇ ನೋಡುತ್ತ ನಿಂತಳು. ನನಗೆ ಬಳಪದ ಹುಡುಗಿ ನೆನಪಾದಳು.

ನಾಳೆಯಿಂದ ಬೆಳಗ್ಗೆಯೂ ಹೋಗಿ ಕೂರುತ್ತೇನೆ.

ಜೂನ್ 17, ಮಂಗಳವಾರ

ಅರ್ಧಕ್ಕೂ ಕಡಿಮೆ. ಬೇಸರದಲ್ಲಿ ಮೊಣಕಾಲಿಗೆ ಇನ್ನೊಂದು ಸುತ್ತು ಹಚ್ಚಿಕೊಂಡೆ.

ಜೂನ್ 21, ಶನಿವಾರ

ಜ್ವರ. ಬುಧವಾರದಿಂದ ಹಾಸಿಗೆ. ಡಬ್ಬಿ ಇಲ್ಲ, ಮಾರಲ್ ಸಪೋರ್ಟ್ ಇಲ್ಲ.

ಇವತ್ತು ಮಗಳು ಬಾಗಿಲು ತೆರೆದವಳೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿಬಂದಳು.

"ಅಪ್ಪಾ, ತುಂಬಿ ಬಂತು! ಇವತ್ತು ಬಟ್ಟಲು ತುಂಬಿ ಹೊರಗೆ ಚೆಲ್ತು!"

ಸಂತೋಷವಾಯಿತು. ಖಂಡಿತ ಆಯಿತು. ಆದರೂ ಒಂದು ಮಾತು ಇಲ್ಲಿ ಬರೆದಿಡುತ್ತೇನೆ: ನಾನು ಅಷ್ಟು ದಿನ ಪಕ್ಕದಲ್ಲಿ ಕೂತು ಗಾಳಿ ಹಾಕಿದಾಗ ಬಾರದ ನೀರು, ನಾನು ಗಂಜಿ ಕುಡಿದು ಮಲಗಿದ್ದಾಗ ಬರಬೇಕೇ? ಪುಡಿಗೂ ಒಂದು ಕೃತಜ್ಞತೆ ಅನ್ನುವುದು ಇರಬೇಡವೇ?

ಜೂನ್ 24, ಮಂಗಳವಾರ

ಜ್ವರ ಬಿಟ್ಟಿತು. ನಿನ್ನೆ ಹೋಗಿ ಪುಡಿಯ ಪಕ್ಕದಲ್ಲಿ ಕೂತು ಅದಕ್ಕೆ ಮನಸ್ಸಿನಲ್ಲೇ ಅಭಿನಂದನೆ ಹೇಳಿ ಬಂದೆ. ಇವತ್ತು ಬೆಳಗ್ಗೆ ಮತ್ತೆ ಮುಕ್ಕಾಲು. ಮಗಳು ತಲೆಯ ಮೇಲೆ ಕೈ ಹೊತ್ತಳು.

"ಇದಕ್ಕೆ ನಾನು ಏನು ಅನ್ಯಾಯ ಮಾಡಿದೀನಿ ಅಪ್ಪ?"

"ನೀನೇನೂ ಮಾಡಿಲ್ಲ ಪುಟ್ಟಿ. ಕೆಲವು ವಸ್ತುಗಳ ಸ್ವಭಾವ."

ಸಮಿತಿ ಬರುವುದು ಗುರುವಾರ. ನಾಳೆ ಎಲ್ಲವನ್ನೂ ಹೊಸದಾಗಿ ಕಾಯಿಸಿ ಗಾಳಿಗೆ ಇಡುತ್ತಾಳೆ. ನಾಳೆ ನಾನು ಅವಳನ್ನು ಒಂಟಿಯಾಗಿ ಬಿಡುವುದಿಲ್ಲ. ಕುರ್ಚಿಯನ್ನು ತಟ್ಟೆಗಳಿಗೆ ಇನ್ನೂ ಹತ್ತಿರ ಎಳೆದುಕೊಂಡು ಕಾವಲು ಕೂರುತ್ತೇನೆ. ಹೊಸ ಬಾಮ್ ಡಬ್ಬಿ ಒಡೆದಿದ್ದೇನೆ. ಹಳೆಯದು ಮುಗಿಯಿತು.

ಜೂನ್ 26, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್.

ಸಮಿತಿಯಲ್ಲಿ ಮುಖ್ಯವಾದವರು ಇಬ್ಬರು. ಒಬ್ಬರು ನೋಡೋಣ ಮುಖ್ಯಸ್ಥರು. ಇನ್ನೊಬ್ಬರು ಹೊರಗಿನಿಂದ ಬಂದ ಹಿರಿಯ ಪ್ರೊಫೆಸರು. ಅಂಗಿಯ ಮೇಲೇ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡಿದ್ದರು. ನಾನು ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿದ್ದೆ. ಮಗಳು "ಹೊರಗೆ ಕೂರ್ತೀಯಾ ಅಪ್ಪ?" ಎಂದು ಕೇಳಿದಳು. "ಇಂಥ ಹೊತ್ತಲ್ಲೇ?" ಎಂದೆ. ಸೊಂಟಪಟ್ಟಿ ಪ್ರೊಫೆಸರು "ತಂದೆಯವರಾ? ಇರಲಿ, ಇರಲಿ" ಎಂದರು. ಅವರು ಒಳ್ಳೆಯವರು. ಎಡವಟ್ಟಿಗೆ ಅದೇ ಕಾರಣ.

"ಏನಮ್ಮಾ, ಗಾಳಿಯಿಂದ ನೀರು ತೆಗೀತೀಯಂತೆ. ತೆಗಿ, ನೋಡೇಬಿಡೋಣ."

ಮಗಳು ಮುಚ್ಚಳ ಮುಚ್ಚಿ ದೀಪ ಹಾಕಿದಳು. ಕಾದೆವು. ಗಾಜಿನ ಮೇಲೆ ಮೊದಲು ಮಂಜು, ಆಮೇಲೆ ಹನಿ, ಆಮೇಲೆ ತೊಟ್ಟು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಡಬ್ಬಿ ತೆರೆಯಿತು, ಮೊಣಕಾಲಿಗೆ ಹೋಯಿತು. ಕೊನೆಗೆ ನಿಂತದ್ದು ಅರ್ಧ ಬಟ್ಟಲು.

"ಅರ್ಜಿಯಲ್ಲಿ ಬರೆದಿದ್ದರ ಅರ್ಧ" ಎಂದರು ಮುಖ್ಯಸ್ಥರು, ತಮ್ಮ ಬೂಟಿಗೆ ಹೇಳುವ ಹಾಗೆ.

ಸೊಂಟಪಟ್ಟಿಯವರು ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಹುಬ್ಬು ಮೇಲೆ ಹೋಯಿತು.

"ಇದು ನೀರಾ, ಔಷಧಿನಾ?"

"ನೀರು ಸರ್. ಬರೀ ನೀರು."

"ಮೂಸಿ ನೋಡಮ್ಮ."

ಮಗಳು ಮೂಸಿದಳು. "ಏನೂ ವಾಸನೆ ಇಲ್ವಲ್ಲ ಸರ್?"

"ಇಲ್ವಾ? ನನಗೆ ಒಂದು ವಾರದಿಂದ ಕಟ್ಟಿದ್ದ ಮೂಗು ಬಿಟ್ಟುಹೋಯ್ತು!"

ಬಟ್ಟಲು ಮುಖ್ಯಸ್ಥರ ಕೈಗೆ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು. "ನೋಡೋಣ" ಎನ್ನಲೂ ಆಗದೆ ಕರವಸ್ತ್ರ ತೆಗೆದರು. ಕೊನೆಗೆ ನನ್ನ ಕೈಗೆ ಬಂತು. ನಾನೂ ಮನಃಪೂರ್ವಕವಾಗಿ ಮೂಸಿದೆ. ಸುಳ್ಳು ಯಾಕೆ ಹೇಳಲಿ?

"ಸರ್, ವಿತ್ ಡ್ಯೂ ರೆಸ್ಪೆಕ್ಟ್, ನೀರು ನೀರಿನ ಹಾಗೇ ಇದೆ."

ಅಷ್ಟು ಹೊತ್ತಿಗೆ ಗಾಜಿನಕ್ಕ ಖಾಲಿ ಲೋಟಗಳನ್ನು ಒಯ್ಯಲು ಬಂದವಳು ಬಾಗಿಲಲ್ಲಿ ನಿಂತಿದ್ದಳು.

"ಸಾರ್, ಅಪ್ಪ ಮಗಳನ್ನ ಕೇಳಿ ಪ್ರಯೋಜನ ಇಲ್ಲ. ಬಟ್ಟಲು ಬಿಡಿ, ಯಜಮಾನ್ರನ್ನ ಮೂಸಿ."

ಸೊಂಟಪಟ್ಟಿಯವರು ನಿಜವಾಗಿಯೂ ಬಂದರು. ಸೊಂಟ ನೋವಿದ್ದರೂ ಬಗ್ಗಿದರು. ಮೂಸಿದರು. ಡಿಪೋದಲ್ಲಿ ಒಮ್ಮೆ ವಾರಸುದಾರರಿಲ್ಲದ ಸೂಟ್‌ಕೇಸ್ ಸಿಕ್ಕಿ ಪೊಲೀಸ್ ನಾಯಿ ಬಂದಾಗಲೂ ಅದು ನನ್ನನ್ನು ಇಷ್ಟು ಶ್ರದ್ಧೆಯಿಂದ ಮೂಸಿರಲಿಲ್ಲ.

"ಇದೇ!" ಎಂದರು. "ಇದೇ ವಾಸನೆ!"

ಮಗಳು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. ಪುಡಿಯ ತಟ್ಟೆ ನೋಡಿದಳು. ನನ್ನ ತೊಡೆಯ ಮೇಲಿನ ಪೇಪರ್ ನೋಡಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. "ಅಪ್ಪ ಬಂದ ದಿನ ಕಡಿಮೆ... ಸಂಜೆವರೆಗೆ ಕೂತ ದಿನ ಅರ್ಧ... ಜ್ವರ ಬಂದ ವಾರ ತುಂಬಿತು..." ಆಮೇಲೆ ಸಮಿತಿಯ ಕಡೆ ತಿರುಗಿದಳು. ಅವಳ ಧ್ವನಿ ನಡುಗಲಿಲ್ಲ. ಅದನ್ನು ಹೆಮ್ಮೆಯಿಂದ ಬರೆಯುತ್ತೇನೆ.

"ಸರ್, ಪುಡಿ ಕೆಟ್ಟಿಲ್ಲ. ನೀರು ಕೂರಬೇಕಾದ ಜಾಗದಲ್ಲೆಲ್ಲ ನಮ್ಮಪ್ಪ ಕೂತಿದಾರೆ."

ಸೊಂಟಪಟ್ಟಿಯವರು ಪಟ್ಟಿ ಹಿಡಿದುಕೊಂಡು ನಕ್ಕರು. ಮುಖ್ಯಸ್ಥರು ನಗಲಿಲ್ಲ. "ವರದಿಯಲ್ಲಿ ಹಾಗಂತ ಬರೆಯೋಕಾಗಲ್ಲ. ಮುಂದಿನ ತಿಂಗಳು ಇನ್ನೊಂದು ಸಲ ತೋರಿಸಿ. ಅದೇ ಕೊನೆ." ಹೊರಡುವಾಗ ಸೊಂಟಪಟ್ಟಿಯವರು ಬಟ್ಟಲಲ್ಲಿ ಬೆರಳು ಅದ್ದಿ ತಮ್ಮ ಮೊಣಕೈಗೆ ಸವರಿಕೊಂಡದ್ದನ್ನು ನಾನು ನೋಡಿದೆ.

ಕೆಳಗೆ ಇಳಿಯುವಾಗ ಗಾಜಿನಕ್ಕನನ್ನು ಕೇಳಿದೆ, "ಮೊದಲೇ ಹೇಳಬಹುದಿತ್ತಲ್ಲಮ್ಮ?"

"ಏನಂತ ಹೇಳಲಿ? ವಯಸ್ಸಾದವರ ಹತ್ರ ಬಾಮ್ ವಾಸನೆ ಬರೋದು ಒಂದು ಸುದ್ದಿನಾ? ಪುಡಿಗೂ ಮೂಗಿದೆ ಅಂತ ನಂಗೇನು ಕನಸು ಬಿದ್ದಿತ್ತಾ?"

ಹಾಗಾದರೆ ಗೇಟಿನ ಹತ್ತಿರವೇ ಗೊತ್ತಾಗುತ್ತಿದ್ದುದು ಪರ್ಸನಾಲಿಟಿ ಅಲ್ಲ.

ಜೂನ್ 27, ಶುಕ್ರವಾರ

ಇವತ್ತು ಏನೂ ಬರೆಯುವುದಿಲ್ಲ.

ಜೂನ್ 28, ಶನಿವಾರ

ನಿನ್ನೆ ಇಡೀ ದಿನ ಮಗಳು ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸಿದಳು, ತಟ್ಟೆ ಎತ್ತಿದಳು, ಅಷ್ಟೇ. ನಾನು ಸೂಟ್‌ಕೇಸ್ ಹೊರಗೆ ತೆಗೆದು ಬಟ್ಟೆ ಮಡಚತೊಡಗಿದೆ. ಇವತ್ತು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತಳು.

"ಇದೇನು?"

"ನನ್ನಿಂದ ನಿನಗೆ ತೊಂದರೆ. ಹೋಗ್ತೀನಿ."

"ಹೋಗು. ಹೋಗಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನೆಗಡಿ ವಾಸಿ ಮಾಡು." ನನ್ನ ಕೈಯಿಂದ ಅಂಗಿ ಕಿತ್ತುಕೊಂಡು ಮಂಚದ ಮೇಲೆ ಎಸೆದಳು. ಆಮೇಲೆ ಅದರ ಪಕ್ಕದಲ್ಲೇ ಕೂತಳು. "ಅಪ್ಪ, ಗಾಳಿಯಲ್ಲಿ ಏನಿದೆ ಅಂತ ಅಳೆಯೋದೇ ನನ್ನ ಕಸುಬು. ಎಲ್ಲರಿಗೂ ಬಂದ ವಾಸನೆ ನಂಗ್ಯಾಕೆ ಬರಲಿಲ್ಲ?"

"ನಂಗೂ ಬರಲಿಲ್ವಲ್ಲ."

"ಅದೇ. ಹುಟ್ಟಿದಾಗಿಂದ ಅದರಲ್ಲೇ ಬೆಳೆದಿದೀನಿ. ಅಮ್ಮನ ಸೆರಗು, ಅಮ್ಮನ ದಿಂಬು, ಅಮ್ಮ ಕೈ ತೊಳೀದೆ ಕಲಸಿದ ಅನ್ನ... ನಂಗೆ ಅದು ಬಾಮ್ ವಾಸನೆ ಅಂತಾನೇ ಗೊತ್ತಿಲ್ಲ. ಮನೆ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ."

ನಕ್ಕಳು. ನಗುತ್ತಿದ್ದಾಳೆ ಎಂದೇ ನಾನು ಮೊದಲು ತಿಳಿದದ್ದು. ಕಣ್ಣೊರೆಸಿಕೊಂಡಾಗ ಗೊತ್ತಾಯಿತು.

ಸೂಟ್‌ಕೇಸ್ ಮತ್ತೆ ಮಂಚದ ಕೆಳಗೆ ಹೋಯಿತು.

ಜುಲೈ 1, ಮಂಗಳವಾರ

ತೀರ್ಪು ಜಾರಿಯಾಯಿತು. ಬಾಮ್ ಪೆಟ್ಟಿಗೆ ಮನೆಯಲ್ಲಿ ಇರಕೂಡದು. ನನ್ನ ಬಟ್ಟೆ, ಹೊದಿಕೆ, ಕಿಟಕಿ ಪರದೆ ಎಲ್ಲವೂ ಬಿಸಿನೀರಿಗೆ. ಮಗಳು ನನ್ನನ್ನೂ ಓವನ್ನಿನಲ್ಲಿ ಇಡುವಳೋ ಎಂದು ನೋಡಿದೆ, ಸೋಪಿಗೆ ನಿಲ್ಲಿಸಿದಳು.

ಪೆಟ್ಟಿಗೆ ಎಸೆಯಲು ನಾನು ಒಪ್ಪಲಿಲ್ಲ. ಕೊನೆಗೆ ಗಾಜಿನಕ್ಕ ತನ್ನ ಮನೆಯ ಅಟ್ಟದ ಮೇಲೆ ಇಟ್ಟುಕೊಳ್ಳಲು ಒಪ್ಪಿದಳು. ಡಿಪೋ ಪದ್ಧತಿಯಂತೆ ಚೀಟಿ ಕಟ್ಟಿಕೊಟ್ಟೆ: "ವಾರಸುದಾರರು ಕೇಳಿದಾಗ ಕೊಡತಕ್ಕದ್ದು."

"ಯಾರು ವಾರಸುದಾರರು?" ಎಂದು ಕೇಳಿದಳು.

"ಇರಲಿ ಬಿಡಿ" ಎಂದೆ.

ಮೊಣಕಾಲು ಇನ್ನು ಬೊಬ್ಬೆ ಹೊಡೆಯುತ್ತದೆ, ಆಗ ಇವರಿಗೆಲ್ಲ ಗೊತ್ತಾಗುತ್ತದೆ.

ಜುಲೈ 4, ಶುಕ್ರವಾರ

ಮೊಣಕಾಲು ನೋಯುತ್ತಿಲ್ಲ. ಕಾಯುತ್ತಿದ್ದೇನೆ.

ಜುಲೈ 10, ಗುರುವಾರ

ಇನ್ನೂ ನೋಯುತ್ತಿಲ್ಲ. ಮಗಳು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕಾಲನ್ನು ಬಗ್ಗಿಸಿ, ಚಾಚಿ, ತಟ್ಟಿ ನೋಡಿ, "ಈ ಮೊಣಕಾಲಿಗೆ ಏನೂ ಆಗಿಲ್ಲ, ಯಾವಾಗಿಂದ ನೋವು?" ಎಂದರು. ಮನೆಯವಳು ಹೋದ ಮೇಲಿನಿಂದ ಎಂದು ಹೇಳಿದೆ. ಡಾಕ್ಟರು ಮಗಳನ್ನು ನೋಡಿದರು, ಮಗಳು ಡಾಕ್ಟರನ್ನು ನೋಡಿದಳು. ಇಬ್ಬರೂ ನನಗೆ ಏನೂ ಹೇಳಲಿಲ್ಲ. ಈಗಿನ ಡಾಕ್ಟರುಗಳಿಗೆ ರೋಗ ಕಂಡುಹಿಡಿಯಲು ಬರುವುದಿಲ್ಲ.

ಮೇಲಿನ ಮಹಡಿಗೆ ನನಗೆ ಪ್ರವೇಶವಿಲ್ಲ. ಡಬ್ಬಿಯನ್ನು ಮೆಟ್ಟಿಲ ಬುಡದಲ್ಲೇ ಕೊಡುತ್ತೇನೆ. ಮಗಳು ಬರುವವರೆಗೆ ಗಾಜಿನಕ್ಕನ ಉಗ್ರಾಣದ ಸ್ಟೂಲಿನ ಮೇಲೆ ಕೂರುತ್ತೇನೆ. ಅಲ್ಲಿ ಒಂದು ಕಪಾಟು ಇದೆ. ಓದಿ ಮುಗಿಸಿ ಹೋದವರೆಲ್ಲ ಬಿಟ್ಟುಹೋದ ಸಾಮಾ‌ನು: ಒಂಟಿ ಕೈಗವಸು, ಕನ್ನಡಕ, ಕೊಡೆ, ಒಂದು ಕೊಳಲು, ಯಾರದೋ ಮದುವೆ ಫೋಟೋ. ಯಾವುದೂ ಒಂದು ಕ್ರಮದಲ್ಲಿ ಇಲ್ಲ.

"ಇದನ್ನ ಹೀಗೆ ಇಡ್ತಾರೇನ್ರೀ?"

"ಬಾಯಲ್ಲಿ ಹೇಳಬೇಡಿ ಯಜಮಾನ್ರೇ, ಮಾಡಿ ತೋರಿಸಿ."

ಅಂಗಿಯ ತೋಳು ಮಡಚಿದೆ.

ಜುಲೈ 16, ಬುಧವಾರ

ಕೊಳಲಿನ ವಾರಸುದಾರ ಸಿಕ್ಕಿದ! ಈಗ ಅವನೇ ಎಲ್ಲೋ ಪ್ರೊಫೆಸರು. ಫೋನಿನಲ್ಲಿ ಅತ್ತುಬಿಟ್ಟ. ಗಾಜಿನಕ್ಕನಿಗೆ ನನ್ನ ಮೇಲೆ ಗೌರವ ಬಂದಿದೆ, ಆದರೆ ಅದನ್ನು ತೋರಿಸುವುದಿಲ್ಲ. "ಇವತ್ತು ಗಡ್ಡ ಕೆರೆದುಕೊಂಡು ಬಂದಿದೀರಿ" ಎಂದಳು. ದಿನವೂ ಕೆರೆದುಕೊಳ್ಳುತ್ತೇನೆ ಎಂದೆ. ಯಾವಾಗಿನಿಂದ ಎಂದು ನೆನಪಿಲ್ಲ.

ಕೆಲಸ ಬಹಳ ಇದೆ. ಬರೆಯಲು ಪುರುಸೊತ್ತಿಲ್ಲ.

ಜುಲೈ 22, ಮಂಗಳವಾರ

ಎರಡನೆಯ ಸಲದ ಪರೀಕ್ಷೆ. ನಾನು ಕಟ್ಟಡದೊಳಕ್ಕೇ ಹೋಗಲಿಲ್ಲ. ಎದುರಿನ ಬಸ್ ಸ್ಟಾಪಿನಲ್ಲಿ ಕೂತೆ. ಬಸ್ಸುಗಳು ಬಂದವು, ಹೋದವು. ಒಬ್ಬ ಕಂಡಕ್ಟರ್ "ಹತ್ತುತೀರೋ, ಇಲ್ಲೇ ಮನೆ ಮಾಡಿದೀರೋ?" ಎಂದ. "ಮಗಳ ಪರೀಕ್ಷೆ" ಎಂದೆ. "ಓ, ಯಾವ ಕ್ಲಾಸು?" ಎಂದ. ಅವಳ ತಲೆಗೂದಲಿನ ಬಣ್ಣ ಅವನಿಗೆ ಹೇಳಲಿಲ್ಲ.

ಮೇಲಿನ ಕಿಟಕಿ ತೆರೆಯಿತು. ಗಾಜಿನಕ್ಕ ತಲೆ ಹೊರಗೆ ಹಾಕಿ, ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದಳು:

"ಯಜಮಾನ್ರೇ! ತುಂಬಿ ಚೆಲ್ತು! ವಾಸನೆ ಇಲ್ಲ!"

ಸ್ಟಾಪಿನಲ್ಲಿದ್ದವರು ನನ್ನಿಂದ ಸ್ವಲ್ಪ ದೂರ ಸರಿದರು. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಏನೋ ಕೂಗಿದೆ. ಏನೆಂದು ನೆನಪಿಲ್ಲ. ಗ್ರಾಮರ್ ಸರಿಯಿತ್ತು ಅನ್ನಿಸುತ್ತದೆ.

ಜುಲೈ 28, ಸೋಮವಾರ

ಪರ್ಮನೆಂಟ್! ಹೆನ್ಸ್ ಪ್ರೂವ್ಡ್.

ಮುಖ್ಯಸ್ಥರೇ ಬಂದು ಬಾಗಿಲ ಫಲಕದಿಂದ "ತಾತ್ಕಾಲಿಕ" ಎಂಬ ಪಟ್ಟಿಯನ್ನು ಉಗುರಿನಿಂದ ಕಿತ್ತರಂತೆ. ಅರ್ಧ ಬಂದು ಅರ್ಧ ಅಂಟಿಕೊಂಡಿದೆಯಂತೆ. "ನೋಡೋಣ" ಎಂದರಂತೆ.

ಅಟ್ಟದ ಪೆಟ್ಟಿಗೆಯಿಂದ ಒಂದು ಡಬ್ಬಿಯನ್ನು ಸೊಂಟಪಟ್ಟಿ ಪ್ರೊಫೆಸರಿಗೆ ಕಳಿಸಲು ಹೇಳಿದೆ. ಆದೇಶ ಕೈಗೆ ಬಂದ ಮೇಲೆಯೇ, ಮೊದಲಲ್ಲ. ಲಂಚ ಅನ್ನಿಸಬಾರದು. ಉಳಿದವನ್ನು ಗಾಜಿನಕ್ಕ ಬಳಸಲಿ. ಅವಳಿಗೆ ನಿಜವಾಗಿಯೂ ಮೊಣಕಾಲು ನೋವಿದೆ. ಚೀಟಿ ಬಿಚ್ಚಿಬಿಡಿ ಎಂದೆ.

ಜುಲೈ 31, ಗುರುವಾರ

ಮಗಳು ಇವತ್ತು ನನ್ನನ್ನು ಮೇಲಕ್ಕೆ ಕರೆದಳು. ಮೆಟ್ಟಿಲ ಬುಡದಲ್ಲಿ ಗಾಜಿನಕ್ಕ ನನ್ನ ಸುತ್ತ ಒಂದು ಸುತ್ತು ಬಂದು ಮೂಸಿ, "ಪಾಸ್" ಎಂದಳು.

ಮೇಜಿನ ಮೇಲೆ ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ. ಒಳಗೆ ಆವತ್ತಿನ, ಸಮಿತಿಯ ಮುಂದೆ ಮಾನ ಹರಾಜು ಹಾಕಿದ ಪುಡಿ.

"ಇದನ್ನ ಖಾಲಿ ಮಾಡಬೇಕಪ್ಪ. ಇಷ್ಟು ದಿನ ಓವನ್ ತನಕ ತಗೊಂಡು ಹೋಗೋದು, ವಾಪಸ್ ತಂದಿಡೋದು, ಇದೇ ಮಾಡ್ತಿದೀನಿ."

"ಯಾಕೆ?"

"ಸುಮ್ನೆ. ನೀನೂ ಇರಲಿ ಅಂತ."

"ಮಾಡು" ಎಂದೆ. "ನಾಳೆ ಕೆಲಸಕ್ಕೆ ಬೇಕಲ್ಲ."

ತಟ್ಟೆಗೆ ಸುರಿದು ಓವನ್ನಿನೊಳಗಿಟ್ಟಳು. ನಾನು ನನ್ನ ಹಳೆಯ ಕುರ್ಚಿಯಲ್ಲಿ ಕೂತೆ. ಬಿಸಿಯೇರಿದ ಮೇಲೆ ಬಾಗಿಲನ್ನು ಒಂದು ಚೂರು ತೆರೆದಳು.

ಬಂತು.

ಇಷ್ಟು ದಿನ ಬಿಟ್ಟಿದ್ದೆವಲ್ಲ, ಇಬ್ಬರಿಗೂ ಮೂಗು ಬಂದಿತ್ತು. ಮಂಚದ ತುದಿಯಲ್ಲಿ ಮನೆಯವಳು ಸೀರೆಯನ್ನು ಮೊಣಕಾಲವರೆಗೆ ಎಳೆದುಕೊಂಡು, "ಆ ಪೇಪರ್ ಏನು ಬಾಯಿಪಾಠ ಮಾಡ್ತಿದೀರಾ? ಸಾಕು, ಇಲ್ಲಿ ಸ್ವಲ್ಪ ತಿಕ್ಕಿ" ಎನ್ನುತ್ತ ಕೂತಿದ್ದಳು. ಹಾಗೇ ಇದ್ದಳು. ನಾನು ಕೈ ಮುಂದೆ ಮಾಡಿಬಿಟ್ಟಿದ್ದೆ.

"ಅಪ್ಪಾ" ಎಂದಳು ಮಗಳು ಮೆಲ್ಲಗೆ, "ಇಷ್ಟು ಜೋರಾಗಿತ್ತಾ?"

"ನಂಗೇನು ಗೊತ್ತು ಪುಟ್ಟಿ? ನಾನೂ ಈಗಲೇ ನೋಡ್ತಿರೋದು."

ಗಾಜಿನಕ್ಕ ಧಡಧಡ ಮೆಟ್ಟಿಲು ಹತ್ತಿ ಬಂದು ಕಿಟಕಿಗೆ ಕೈ ಹಾಕಿದಳು. ನಮ್ಮಿಬ್ಬರ ಮುಖ ನೋಡಿದಳು. ಕಿಟಕಿ ತೆರೆಯಲಿಲ್ಲ. "ಬೇಗ ಮುಗಿಸಿ, ಕೆಳಗಿನವರೆಗೂ ಹೊಡೀತಿದೆ" ಎಂದು ಗದರಿ, ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದಳು.

ಸ್ವಲ್ಪ ಹೊತ್ತು ಇತ್ತು. ಆಮೇಲೆ ತೆಳುವಾಯಿತು. ಆಮೇಲೆ ಬರೀ ಬಿಸಿ ಗಾಳಿ. ಮಗಳು ತಟ್ಟೆ ತೆಗೆದು ತೂಕ ನೋಡಿದಳು. "ಎಲ್ಲಾ ಹೋಗಿದೆ. ಖಾಲಿ" ಎಂದಳು. ಡಿಪೋದಲ್ಲಾದರೆ ಇಲ್ಲಿ "ವಾರಸುದಾರರಿಗೆ ಮುಟ್ಟಿದೆ" ಎಂದು ಬರೆದು ಚೀಟಿ ಹರಿಯುತ್ತಿದ್ದೆವು.

ಅವಳು ಪುಡಿಯನ್ನು ಕಿಟಕಿಯ ಪಕ್ಕ, ಗಾಳಿಗೆ ಇಟ್ಟಳು. ನಾನು ಎದ್ದು ನನ್ನ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಎಳೆದು ಇಟ್ಟೆ.

ಮನೆಗೆ ಇಬ್ಬರೂ ನಡೆದೇ ಬಂದೆವು. ಬಸ್ ಬಂದಿತ್ತು, ಖಾಲಿಯೂ ಇತ್ತು, ಮಾತಿನಲ್ಲಿ ಗಮನಿಸಲಿಲ್ಲ. ಮೊಣಕಾಲಿನ ಬಗ್ಗೆ ಬರೆಯುವುದು ಮರೆತಿತ್ತು. ಬರೆಯುವಂಥದ್ದು ಏನೂ ಇಲ್ಲ.